ಏಳನೇ ಪಾಲು ಯಾರದ್ದು?

ಕುಮಟಾ
26 ನವೆಂಬರ್ 2023, ಭಾನುವಾರ

ಪ್ರೀತಿಯ ದೊಡ್ಡಪ್ಪ,

ಹಿರಿಯರಿಗೆ ಬರೆಯುವಾಗ ‘ತೀರ್ಥರೂಪ’ ಅಂತ ಶುರುಮಾಡಬೇಕು ಎಂದು ವ್ಯಾಕರಣದ ಪುಸ್ತಕದಲ್ಲಿದೆ. ನಿನ್ನನ್ನು ಹಾಗೆ ಕರೆದರೆ ಬೆಳ್ಳಿ ದೊಡ್ಡಮ್ಮ ಒಲೆ ಮೇಲಿನ ಸಾರು ಉಕ್ಕುವವರೆಗೂ ನಗಾಡುತ್ತಾಳೆ. ಅದಕ್ಕೇ ಬಿಟ್ಟೆ.

ನಮ್ಮ ಹಾಸ್ಟೆಲಿನಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ. ಶನಿವಾರ ವಾರ್ಡನ್ ಫೋನಿನಲ್ಲಿ ಹೊನ್ನಾವರಕ್ಕೆ, ಅಪ್ಪ ಅಮ್ಮನ ಹತ್ತಿರ ಸ್ವಲ್ಪ ಹೊತ್ತು ಮಾತಾಡಬಹುದು, ಅಷ್ಟೆ. ನಿನ್ನ ಹತ್ತಿರ ಮಾತಾಡಬೇಕೆಂದರೆ ಕಾಗದವೇ ಗತಿ. ಅದೂ ಒಳ್ಳೆಯದೇ ಅನ್ನು. ನೀನು ಫೋನಿನಲ್ಲಿ "ಹಲೋ" ಅಂದರೆ ತೆಂಗಿನಗುಂಡಿಯಿಂದ ಕುಮಟೆಗೆ ಫೋನಿಲ್ಲದೆಯೂ ಕೇಳುತ್ತದೆ.

ವಿಷಯ ಏನೆಂದರೆ, ನಿನ್ನೆ ಗಣಿತದ ಸರ್ ಬೋರ್ಡಿನ ಮೇಲೆ ಒಂದು ಸಂಖ್ಯೆ ಬರೆದರು. 142857. ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು. ನೋಡಿದರೆ ಯಾವುದೋ ಲಾರಿಯ ನಂಬರಿನ ಹಾಗಿದೆ. ಆದರೆ ಇದನ್ನು ಎರಡರಿಂದ ಗುಣಿಸಿದರೆ 285714. ಮೂರರಿಂದ 428571. ನಾಲ್ಕರಿಂದ 571428. ಐದರಿಂದ 714285. ಆರರಿಂದ 857142. ನೋಡಿದೆಯಾ? ಅವೇ ಆರು ಅಂಕಿಗಳು. ಹೊಸಬರು ಯಾರೂ ಬರುವುದಿಲ್ಲ, ಇದ್ದವರು ಯಾರೂ ಬಿಟ್ಟು ಹೋಗುವುದಿಲ್ಲ. ಮುಂದಿದ್ದವರು ಎದ್ದು ಹಿಂದೆ ಹೋಗಿ ಕೂರುತ್ತಾರೆ, ಸಾಲು ಮಾತ್ರ ಕೆಡುವುದಿಲ್ಲ. ನನಗೆ ರಾತ್ರಿ ಊಟವೂ ಸೇರಲಿಲ್ಲ, ಅಷ್ಟು ಖುಷಿ.

ಇದನ್ನು ಮೊದಲು ನಿನಗೇ ಹೇಳಬೇಕು ಅನ್ನಿಸಿತು. ನನಗೆ ಭಾಗಾಕಾರ ಕಲಿಸಿದವನು ನೀನಲ್ಲವಾ, ಮರಳಿನ ಮೇಲೆ ಮೀನು ಪಾಲು ಮಾಡುತ್ತಾ? ಆಗ ಅಪ್ಪನೂ ದೋಣಿಯಲ್ಲಿದ್ದ. ಅವನು ದೋಣಿ ಬಿಟ್ಟು ಹೊನ್ನಾವರದ ಐಸ್ ಫ್ಯಾಕ್ಟರಿ ಸೇರಿ ಮೂರು ವರ್ಷವಾಯಿತು. ಈಗ ನೀವು ನಾಲ್ಕೇ ಜನ. ಸರಿ, ಹೇಳು: 142857 ಬಂಗಡೆ ಸಿಕ್ಕಿದರೆ ನಾಲ್ಕು ಜನರಲ್ಲಿ ಒಬ್ಬೊಬ್ಬರಿಗೆ ಎಷ್ಟು? ಆಮೇಲೆ ಆ ಸಂಖ್ಯೆಯನ್ನು ಏಳರಿಂದ ಗುಣಿಸು. ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ.

ನಿನ್ನ
ಸೌಜನ್ಯಾ


ತೆಂಗಿನಗುಂಡಿ
5 ಡಿಸೆಂಬರ್ 2023

ಮಗಳೇ,

ಪೋಸ್ಟಿನವ ಗಾಬರಿಯಾಗಿ ಮನೆಯೊಳಗೇ ಬಂದು ಕಾಗದ ಕೊಟ್ಟ. ಈ ಜಟ್ಟನಿಗೆ ಯಾರಾದರೂ ಕಾಗದ ಬರೆದರೆ ಅದು ಒಳ್ಳೆಯ ಸುದ್ದಿಯಲ್ಲ ಅಂತ ಊರಿಗೆಲ್ಲ ಗೊತ್ತು. ನಿನ್ನ ದೊಡ್ಡಮ್ಮ ಎರಡು ಸಲ ಓದಿಸಿಕೊಂಡಳು. ತೀರ್ಥರೂಪ ಅನ್ನುವ ಜಾಗದಲ್ಲಿ ಸಾರು ಉಕ್ಕಿತು.

ನಿನ್ನ ಲೆಕ್ಕ ತಪ್ಪು. ಕಾಲೇಜಿಗೆ ಹೋಗಿ ಆರು ತಿಂಗಳಾಗಲಿಲ್ಲ, ದೋಣಿಯನ್ನೂ ಬಲೆಯನ್ನೂ ಮರೆತೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಎಂತಕ್ಕೆ ಅನ್ನುವವರ ಸಾಲಿಗೆ ಸೇರಿದೆಯಲ್ಲ! ಮೀನು ಹಿಡಿಯುವುದು ಬರೀ ಮನುಷ್ಯರಾ? ದೋಣಿಗೊಂದು ಪಾಲು, ಅದರ ಹಲಗೆಗೆ ಎಣ್ಣೆ ಬೇಕು. ಬಲೆಗೊಂದು ಪಾಲು, ಅದು ಹರಿಯುತ್ತದೆ. ಉಳಿದದ್ದು ಆಳುಗಳಿಗೆ. ನಿನ್ನಜ್ಜ ಬೊಮ್ಮಯ್ಯ ಈ ದೋಣಿ ಕಟ್ಟಿಸಿದಾಗಿನಿಂದ ನಾವು ಏಳು ಪಾಲು ಹಾಕುವವರು. ಪಾಲು ಹಾಕುವ ರೀತಿಯಾದರೂ ನೆನಪಿದೆಯಾ? ಮರಳಿನ ಮೇಲೆ ಮೀನು ಗುಡ್ಡೆ ಹಾಕಿ ಏಳು ಕುಪ್ಪೆ ಮಾಡಿದ ಮೇಲೆ ನಾನು ಕಡಲಿಗೆ ಮುಖ ಮಾಡಿ ನಿಲ್ಲುತ್ತೇನೆ. ಹಿಂದೆ ವೆಂಕಟ ಒಂದು ಕುಪ್ಪೆಯ ಮೇಲೆ ಕೈಯಿಟ್ಟು "ಇದು ಯಾರದ್ದು?" ಅಂತ ಕೂಗುತ್ತಾನೆ. ನಾನು ನೋಡದೆ ಒಂದು ಹೆಸರು ಹೇಳಬೇಕು. ಹಾಗೆ ಮಾಡಿದರೆ ನನಗೆ ದೊಡ್ಡದು ನಿನಗೆ ಸಣ್ಣದು ಅನ್ನುವ ಮಾತಿಲ್ಲ.

ಏಳರಿಂದ ಗುಣಿಸಿದೆ. 999999 ಬಂತು. ಮೊಬೈಲು ಹಾಳಾಯಿತು ಅಂತ ಬೆಳ್ಳಿ ಹೇಳಿದಳು. ಮತ್ತೆ ಮಾಡಿದೆ, ಮತ್ತೂ ಅದೇ. ಆಮೇಲೆ ವೆಂಕಟನ ಮೊಬೈಲಿನಲ್ಲಿ ಮಾಡಿದೆ. ಅದರಲ್ಲೂ ಒಂಬತ್ತೇ! ಇದೆಂತ ಮಾಟವೇ ಮಾರಾಯ್ತಿ?

ಇನ್ನೊಂದು ಸುದ್ದಿ. ಬಲೆ ಎಳೆದು ಎಳೆದು ನನ್ನ ಬಲಗೈ ಮೇಲೆ ಏಳುವುದಿಲ್ಲ. ನಾಲ್ಕು ಜನಕ್ಕೆ ಈ ದೋಣಿ ಭಾರ. ಹೊನ್ನಾವರದ ಕಡೆಯ ಯಾವುದೋ ರೆಸಾರ್ಟಿನವನು ಬಂದು ನೋಡಿ ಹೋದ. ದೋಣಿಯನ್ನು ಅಂಗಳದಲ್ಲಿ ನಿಲ್ಲಿಸಿ, ಒಳಗೆ ಮಣ್ಣು ತುಂಬಿ ಹೂವಿನ ಗಿಡ ನೆಡುತ್ತಾನಂತೆ. ನಾನಿನ್ನೂ ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ಚೆನ್ನಾಗಿ ಉಣ್ಣು.

ಜಟ್ಟ


ಕುಮಟಾ
10 ಡಿಸೆಂಬರ್ 2023

ದೊಡ್ಡಪ್ಪ,

ಅಜ್ಜನ ದೋಣಿಯಲ್ಲಿ ಹೂವಿನ ಗಿಡವಾ! ದಯವಿಟ್ಟು ಹೌದು ಅನ್ನಬೇಡ. ನಾನು ಅದರೊಳಗೇ ನಿದ್ದೆ ಮಾಡಿ ಬೆಳೆದವಳು.

ದೋಣಿ ಬಲೆ ಮರೆತದ್ದು ನನ್ನ ತಪ್ಪು, ಕಿವಿ ಹಿಡಿದುಕೊಂಡೆ. ಆದರೆ ನಿನ್ನ ಲೆಕ್ಕವೂ ಸರಿಯಿಲ್ಲ. ನೀನು, ವೆಂಕಟಣ್ಣ, ಭಾಸ್ಕರಣ್ಣ, ದಿನಕರಣ್ಣ, ನಾಲ್ಕು ಜನ. ದೋಣಿ ಬಲೆ ಸೇರಿ ಆರು. ಏಳು ಆಗುತ್ತಿದ್ದದ್ದು ಅಪ್ಪ ಇದ್ದಾಗ. ಏಳನೇ ಪಾಲು ಯಾರದ್ದು?

ಇನ್ನು ಮಾಟದ ಮಾತು. ಸರ್ ಗುಟ್ಟು ಬಿಟ್ಟುಕೊಟ್ಟರು. ಒಂದನ್ನು ಏಳು ಪಾಲು ಮಾಡಲು ಹೋದರೆ ಅದು ಮುಗಿಯುವುದೇ ಇಲ್ಲ. ಹತ್ತರಲ್ಲಿ ಏಳು ಒಂದು ಸಲ, ಉಳಿಕೆ ಮೂರು. ಮೂವತ್ತರಲ್ಲಿ ನಾಲ್ಕು ಸಲ, ಉಳಿಕೆ ಎರಡು. ಹೀಗೇ ಭಾಗಿಸುತ್ತಾ ಹೋದರೆ ಬರುವ ಅಂಕಿಗಳೇ 1, 4, 2, 8, 5, 7. ಉಳಿಕೆ ಮಾತ್ರ ಮೂರು, ಎರಡು, ಆರು, ನಾಲ್ಕು, ಐದು ಅಂತ ಎಲ್ಲರ ಮನೆ ಸುತ್ತಿ, ಕೊನೆಗೆ ಮತ್ತೆ ಒಂದಾಗಿ ಹೊರಟಲ್ಲಿಗೇ ಬರುತ್ತದೆ. ಆಮೇಲೆ ಮತ್ತೆ ಅದೇ ಸುತ್ತು. ನಮ್ಮ ಸಂಖ್ಯೆ ಹುಟ್ಟಿದ್ದೇ ಏಳು ಪಾಲಿನಿಂದ, ದೊಡ್ಡಪ್ಪ. ನಮ್ಮ ದೋಣಿಯದೇ ಸಂಖ್ಯೆ ಅದು.

ಅಪ್ಪ ಯಾಕೆ ದೋಣಿ ಬಿಟ್ಟ ಅಂತ ಅವನನ್ನು ಕೇಳಿದರೆ ಐಸಿನ ಹಾಗೆ ಕೂರುತ್ತಾನೆ. ನೀನಾದರೂ ಹೇಳುತ್ತೀಯಾ?

ಸೌಜನ್ಯಾ


ತೆಂಗಿನಗುಂಡಿ
20 ಡಿಸೆಂಬರ್ 2023

ಮಗಳೇ,

ಏಳು ಹಾಕುವುದು ಕೈಗೆ ಬಿದ್ದ ರೂಢಿ. ಹೆಚ್ಚಿನದನ್ನು ಬೆಕ್ಕುಗಳು ತಿನ್ನುತ್ತವೆ. ತೆಂಗಿನಗುಂಡಿಯಲ್ಲಿ ಬೆಕ್ಕುಗಳಿಗೆ ಬರಗಾಲವಿಲ್ಲ.

ಉಳಿಕೆ ಮನೆಮನೆ ಸುತ್ತುವುದನ್ನು ಬಲೆ ಹೊಲಿಯುವಾಗ ಎಲ್ಲರಿಗೂ ಹೇಳಿದೆ. ದಿನಕರ ಕಡ್ಡಿಯಲ್ಲಿ ಮರಳಿನ ಮೇಲೆ ಭಾಗಾಕಾರ ಮಾಡುತ್ತಾ ಕೂತ, ತೆರೆ ಬಂದು ಒರೆಸಿತು, ಮತ್ತೆ ಮಾಡಿದ. ಬಲೆ ಹೊಲಿದದ್ದು ನಾನೊಬ್ಬನೇ. ಎಂಟರಿಂದ ಗುಣಿಸಿದರೆ ಎಂತ ಆಗ್ತದೆ ಅಂತ ಅವನು ಕೇಳುತ್ತಾನೆ. ನೀನೇ ಹೇಳು.

ಹಳೆಯ ಮಾತು ನಿನಗೆ ಬೇಡ. ಓದಿಕೋ.

ಜಟ್ಟ


ಕುಮಟಾ
7 ಜನವರಿ 2024

ದೊಡ್ಡಪ್ಪ,

ದಿನಕರಣ್ಣನ ಪ್ರಶ್ನೆ ಚಂದ ಇದೆ. ಎಂಟರಿಂದ ಗುಣಿಸಿದರೆ 1142856. ಮೊದಲ ನೋಟಕ್ಕೆ ಸಂಸಾರ ಒಡೆದ ಹಾಗೆ ಕಾಣುತ್ತದೆ. ಒಂದು ‘ಒಂದು’ ಸಾಲು ಬಿಟ್ಟು ಮುಂದೆ ಹೋಗಿ ಹೊರಗೆ ನಿಂತಿದೆ. ಅದು ಹೋದದ್ದಕ್ಕೆ ಕೊನೆಯಲ್ಲಿದ್ದ ಏಳು ಸೊರಗಿ ಆರಾಗಿದೆ. ಈಗ ಹೊರಗೆ ನಿಂತ ಆ ಒಂದನ್ನು ಕರೆದು, ಒಳಗಿನ 142856ಕ್ಕೆ ಸೇರಿಸು. ಮತ್ತೆ 142857! ಯಾವುದೂ ಕಳೆದುಹೋಗಿರಲಿಲ್ಲ. ಕರೆದು ಸೇರಿಸುವವರು ಬೇಕಿತ್ತು ಅಷ್ಟೆ.

ಇದನ್ನು ದಿನಕರಣ್ಣನಿಗೆ ಸರಿಯಾಗಿ ಓದಿ ಹೇಳು.

ಸೌಜನ್ಯಾ


ತೆಂಗಿನಗುಂಡಿ
16 ಜನವರಿ 2024

ಸೌಜನ್ಯಾ,

ಹೊರಗೆ ಹೋದ ಒಂದನ್ನು ಕರೆದು ಒಳಗೆ ಸೇರಿಸಬೇಕಂತೆ. ಏಳು ಸೊರಗಿ ಆರಾಯಿತಂತೆ. ಇದು ಗಣಿತದ ಸರ್ ಹೇಳಿದ್ದಾ, ನಿನ್ನಪ್ಪ ಹೇಳಿಕೊಟ್ಟದ್ದಾ? ನನಗೂ ಓದಲಿಕ್ಕೆ ಬರುತ್ತದೆ.

ಕೇಳಿದೆಯಲ್ಲ, ಹಾಗಾದರೆ ಕೇಳು. ಮೂರು ವರ್ಷದ ಹಿಂದೆ ಒಂದು ದಿನ ಪಾಲು ಹಾಕುವಾಗ ವೆಂಕಟ ಒಂದು ಕುಪ್ಪೆ ಮುಟ್ಟಿದ. ನಾನು "ದೋಣಿದು" ಅಂದೆ. ಆಗ ನಿನ್ನಪ್ಪ ನಾಗರಾಜ, ನಾನು ಹೆಗಲ ಮೇಲೆ ಹೊತ್ತು ಬೆಳೆಸಿದ ತಮ್ಮ, ಎಲ್ಲರೂ ಕೇಳುವ ಹಾಗೆ ಹೇಳಿದ: "ದೋಣಿ ಪಾಲು ಯಾರ ಹೊಟ್ಟೆಗೆ ಹೋಗ್ತದೆ ಅಂತ ನಂಗೊತ್ತಿದ್ದು." ಅಷ್ಟೇ ಹೇಳಿದ್ದು. ದೋಣಿ ಪಾಲಿನ ಒಂದು ಮೀನನ್ನೂ ನಾನು ತಿಂದವನಲ್ಲ. ಹೋಗು ಅಂದೆ, ಹೋದ. ಈಗ ಕರೆಯಬೇಕಾದವನು ನಾನಾ?

ದೋಣಿ ಕೊಡುವುದು ಖಾಯಂ. ಶ್ರಾವಣದ ನೂಲಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಕೊಟ್ಟು, ಮಾರನೇ ದಿನ ಕೊನೆಯ ಬಲೆ ಹಾಕಿ, ರೆಸಾರ್ಟಿನವನಿಗೆ ಒಪ್ಪಿಸುತ್ತೇನೆ. ಹೂವಿನ ಗಿಡವಾದರೂ ಬೆಳೆಯಲಿ.

ಜಟ್ಟ


ಕುಮಟಾ
21 ಜನವರಿ 2024

ದೊಡ್ಡಪ್ಪ,

ದೇವರಾಣೆ, ನಾನು ಬರೆದದ್ದು ಬರೀ ಗುಣಾಕಾರ. ಅಪ್ಪನಿಗೆ ಈ ಸಂಖ್ಯೆಯ ವಿಷಯವೇ ಗೊತ್ತಿಲ್ಲ. ನೀನು ನನ್ನನ್ನು ‘ಮಗಳೇ’ ಅನ್ನದೆ ಬರೆದ ಕಾಗದವನ್ನು ಹಾಸಿಗೆ ಮೇಲೆ ಕೂತು ಓದಿ ಅತ್ತೆ. ಪಕ್ಕದ ಹಾಸಿಗೆಯವಳು ಮನೆಯಲ್ಲಿ ಯಾರೋ ತೀರಿಹೋದರು ಅಂದುಕೊಂಡಳು.

ಅಪ್ಪ ಹೇಳಿದ ಮಾತು ಕೆಟ್ಟದ್ದು. ನಾನು ಅವನ ಪರ ವಹಿಸುವುದಿಲ್ಲ. ಆದರೆ ನಿನ್ನ ಪರ ವಹಿಸಿ ಅವನನ್ನು ಬಿಡಲಿಕ್ಕೂ ಆಗುವುದಿಲ್ಲ. ಇನ್ನು ಲೆಕ್ಕದ ವಿಷಯ ಬರೆಯುವುದಿಲ್ಲ. ನೀನು ಮಾತ್ರ ಬರೆಯುವುದು ಬಿಡಬೇಡ.

ನಿನ್ನ ಮಗಳು
ಸೌಜನ್ಯಾ


ಹೊನ್ನಾವರ
14 ಏಪ್ರಿಲ್ 2024

ದೊಡ್ಡಪ್ಪ,

ಮೂರು ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಪರೀಕ್ಷೆ ಮುಗಿದು ರಜೆಗೆ ಮನೆಗೆ ಬಂದಿದ್ದೇನೆ. ಇದು ಮನೆಯಿಂದ ಬರೆಯುತ್ತಿರುವುದು. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ಹೇಳಿದರೆ ನೀನು ನಡುವೆಯೇ ಇಟ್ಟುಬಿಡುತ್ತೀಯ.

ನಿನ್ನ ಬೆಕ್ಕು ಸಿಕ್ಕಿತು. ಬೆಕ್ಕು ನಾನೇ.

ಮೂರು ವರ್ಷದಿಂದ ನಿಮ್ಮ ಕಡೆಯಿಂದ ಬರುವ ಭಟ್ಕಳದ ಬಸ್ಸಿನಲ್ಲಿ ನಮ್ಮ ಮನೆಗೆ ಮೀನಿನ ಬುಟ್ಟಿ ಬರುತ್ತದೆ. ಕೇಳಿದರೆ ಅಮ್ಮ "ದೊಡ್ಡಮ್ಮ ಕಳ್ಸಿದ್ದು" ಅನ್ನುತ್ತಾಳೆ. ನಾನೂ ನಂಬಿದ್ದೆ. ನಿನ್ನೆ ಬುಟ್ಟಿ ತರಲು ನಾನೇ ಬಸ್ ಸ್ಟ್ಯಾಂಡಿಗೆ ಹೋದೆ, ಮನೆಗೆ ತಂದು ಬಿಚ್ಚಿದೆ. ಒಂದಿಷ್ಟು ಬಂಗಡೆ, ಒಂದಿಷ್ಟು ತಾರ್ಲೆ, ನಾಲ್ಕು ನೊಗಲಿ, ಒಂದು ಮುಷ್ಟಿ ಶೆಟ್ಲಿ ಸಿಗಡಿ, ಒಂದೇ ಒಂದು ಏಡಿ. ದೊಡ್ಡಮ್ಮ ಪ್ರೀತಿಯಿಂದ ಕಳಿಸುವುದಾದರೆ ಒಂದೇ ಜಾತಿಯ ದಪ್ಪ ಮೀನು ಆರಿಸಿ ಕಳಿಸುತ್ತಿದ್ದಳು. ಎಲ್ಲದರಲ್ಲೂ ಇಷ್ಟಿಷ್ಟು ಬರುವುದು ಪಾಲಿನಲ್ಲಿ ಮಾತ್ರ. ಅದು ಮರಳಿನ ಮೇಲಿನ ಏಳನೇ ಕುಪ್ಪೆ. ನೀನು ಅಪ್ಪನಿಗೆ ಹೋಗು ಅಂದೆ, ಅವನ ಪಾಲಿಗೆ ಹೋಗು ಅನ್ನಲಿಲ್ಲ.

ಇನ್ನೊಂದು ಕೇಳು. ಖಾಲಿ ಬುಟ್ಟಿ ಹಿಂದೆ ಕಳಿಸಬಾರದಲ್ಲ. ಇವತ್ತು ಬೆಳಿಗ್ಗೆ ಅದರೊಳಗೆ ಹೆಣೆದ ಸಿಹಿ ಈರುಳ್ಳಿ ಇಟ್ಟು, ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕವಳದ ವೀಳ್ಯದೆಲೆ ಇಟ್ಟದ್ದು ಅಮ್ಮ ಅಲ್ಲ. ಅಪ್ಪ. ಎಲೆಗಳನ್ನು ಒಂದೊಂದಾಗಿ ಒರೆಸಿ ಇಟ್ಟ. ನಮ್ಮ ಮನೆಯಲ್ಲಿ ಯಾರೂ ಕವಳ ಹಾಕುವುದಿಲ್ಲ, ದೊಡ್ಡಪ್ಪ. ಬೆಳ್ಳಿ ದೊಡ್ಡಮ್ಮನೂ ಹಾಕುವುದಿಲ್ಲ.

ಅಪ್ಪ ಹುಟ್ಟಿದಾಗಿನಿಂದ ಮೀನಿನವನು. ಆ ಬುಟ್ಟಿ ನೋಡಿ ಅದು ಪಾಲು ಅಂತ ಅವನಿಗೆ ಗೊತ್ತಾಗಲಿಲ್ಲ ಅಂದುಕೊಂಡೆಯಾ?

ಸೌಜನ್ಯಾ


ತೆಂಗಿನಗುಂಡಿ
25 ಏಪ್ರಿಲ್ 2024

ಮಗಳೇ,

ಹೌದು, ಅದೇ ಕುಪ್ಪೆ. ಆರು ಹೆಸರು ಕೂಗಿದ ಮೇಲೆ ಉಳಿದದ್ದು. ಏಳನೆಯದಕ್ಕೆ ವೆಂಕಟ "ಇದು ಯಾರದ್ದು?" ಅಂತ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಸುಮ್ಮನೆ ಬುಟ್ಟಿಗೆ ತುಂಬಿ ಬಸ್ಸಿಗೆ ಕೊಟ್ಟು ಬರುತ್ತಾನೆ.

ಆ ಎಲೆ ನಿನ್ನಮ್ಮ ರೇಖಾ ಇಡುತ್ತಾಳೆ ಅಂದುಕೊಂಡಿದ್ದೆ. ತಮ್ಮನ ಹೆಂಡತಿ ಎಷ್ಟು ಒಳ್ಳೆಯವಳು, ಭಾವನ ಕವಳ ನೆನಪಿಟ್ಟಿದ್ದಾಳೆ ಅಂತ ಊರಲ್ಲೆಲ್ಲ ಹೊಗಳಿದ್ದೆ. ಮೂರು ವರ್ಷದಿಂದ ಅವನು ಒರೆಸಿಟ್ಟ ಎಲೆ ತಿಂದೇ ಅವನನ್ನು ಬೈದೆನಲ್ಲ! ಬೆಳ್ಳಿ ನಿನ್ನ ಕಾಗದ ಓದಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿ, "ಅಣ್ಣ ತಮ್ಮ ಇಬ್ರಿಗೂ ಬಾಯಿ ಕೊಟ್ಟ ದೇವರು ಬುದ್ಧಿ ಕೊಡ್ಲಿಲ್ಲ" ಅಂದಳು. ಅವಳಿಗೆ ಎಲ್ಲ ಗೊತ್ತಿತ್ತಂತೆ. ಎಲೆ ಸುತ್ತಿದ ಬಟ್ಟೆ ನಾಗರಾಜನ ಹಳೇ ಲುಂಗಿಯದು ಅಂತ ಮೊದಲ ದಿನವೇ ಗುರುತು ಸಿಕ್ಕಿತ್ತಂತೆ.

ಆದರೂ ಮಗಳೇ, ಆ ಮಾತು ಅವನು ಎಲ್ಲರೆದುರು ಆಡಿದ್ದು. ಬುಟ್ಟಿಯೊಳಗೆ ಎಲೆ ಇಟ್ಟು ಕಳಿಸಿದರೆ ಆ ಮಾತು ವಾಪಸ್ ಹೋಗುವುದಿಲ್ಲ. ಅವನೇ ಬರಬೇಕು. ನಾನು ಕರೆಯುವುದಿಲ್ಲ, ನೀನೂ ಕರೆಯಬೇಡ. ಹೇಳಿಸಿಕೊಂಡು ಬಂದರೆ ಅದು ಬಂದದ್ದಲ್ಲ.

ರೆಸಾರ್ಟಿನವನಿಗೆ ಮಾತು ಕೊಟ್ಟಾಯಿತು. ಹುಣ್ಣಿಮೆಯವರೆಗೆ ಅಂತ ಹೇಳಿದ್ದೇನೆ. ನನ್ನ ಕೈ ಹಾಗೇ ಇದೆ.

ಲೆಕ್ಕ ಬರೆಯುವುದಿಲ್ಲ ಅಂದೆಯಲ್ಲ, ಅದು ಬೇಡ. ಬರಿ. ದಿನಕರ ದಿನಾ ಕೇಳುತ್ತಾನೆ. ನಾನೂ.

ಜಟ್ಟ


ಕುಮಟಾ
7 ಜುಲೈ 2024

ದೊಡ್ಡಪ್ಪ,

ನಿನ್ನ ಮಾತು ಮೀರಿಲ್ಲ. ನಾನು ಅಪ್ಪನನ್ನು ಕರೆಯಲಿಲ್ಲ. ಹಾಸ್ಟೆಲಿಗೆ ಹೊರಡುವ ಹಿಂದಿನ ದಿನ ಬರೀ ಸುದ್ದಿ ಹೇಳಿದೆ: ಅಜ್ಜನ ದೋಣಿಗೆ ಹುಣ್ಣಿಮೆ ಕಳೆದ ಮೇಲೆ ಮಣ್ಣು ತುಂಬುತ್ತಾರಂತೆ, ಕೆಂಪು ಹೂವೋ ಹಳದಿ ಹೂವೋ ಗೊತ್ತಿಲ್ಲ. ಅಪ್ಪ ಉಣ್ಣುತ್ತಿದ್ದವನು ಕೈ ತೊಳೆದು ಎದ್ದ. ಆಮೇಲೆ ಹಿತ್ತಲಿನಲ್ಲಿ ಕೂತು ನನ್ನನ್ನು ಕರೆದು ಕೇಳಿದ್ದು ಒಂದೇ: "ಅಣ್ಣನ ಕೈ ಎಂತ ಆಗಿದೆ?" ದೋಣಿಯ ವಿಷಯ ಅಲ್ಲ, ದೊಡ್ಡಪ್ಪ, ನಿನ್ನ ಕೈಯ ವಿಷಯ. ಆಗಲೇ 142857 ಬರೆದು ತೋರಿಸಿದೆ. ಎರಡರಿಂದ ಏಳರವರೆಗೆ ಅವನೇ ಗುಣಿಸಿದ. ಎಂಟಕ್ಕೆ ಬಂದಾಗ ಹೊರಗೆ ನಿಂತ ಒಂದನ್ನು ಬಹಳ ಹೊತ್ತು ನೋಡಿದ. ನಾನು ಏನೂ ವಿವರಿಸಲಿಲ್ಲ. ಅದನ್ನು ವಿವರಿಸಿ ಒಮ್ಮೆ ನಿನ್ನಿಂದ ಬೈಸಿಕೊಂಡದ್ದು ಸಾಕು.

ದಿನಕರಣ್ಣನಿಗೆ ಹೊಸದು: ಈ ಸಂಖ್ಯೆಯನ್ನು ನಡುವೆ ಮುರಿದು ಎರಡು ತುಂಡು ಮಾಡಲಿ, 142 ಮತ್ತು 857. ಒಂದು ಸಣ್ಣದು, ಒಂದು ದೊಡ್ಡದು, ನೋಡಲು ಒಂದಕ್ಕೊಂದು ಸಂಬಂಧವೇ ಇಲ್ಲ. ಕೂಡಿಸಿದರೆ 999.

ನನಗೆ ಹೆದರಿಕೆಯಾಗುತ್ತಿದೆ. ಸಂಖ್ಯೆಗಳು ಯಾವಾಗಲೂ ತಿರುಗಿ ಬರುತ್ತವೆ. ಮನುಷ್ಯರ ಬಗ್ಗೆ ಸರ್ ಏನೂ ಹೇಳಿಲ್ಲ.

ಸೌಜನ್ಯಾ


ತೆಂಗಿನಗುಂಡಿ
21 ಆಗಸ್ಟ್ 2024

ಮಗಳೇ,

ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಅಕ್ಷರ ಅಂಕುಡೊಂಕಾದರೆ ಸುಧಾರಿಸಿಕೋ.

ಸೋಮವಾರ ಹುಣ್ಣಿಮೆ. ಕಡಲಿಗೆ ಕಾಯಿ ಕೊಟ್ಟೆವು. ಹಾದಿ ನೋಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಸ್ಸು ಬಂದಾಗಲೆಲ್ಲ ಬೆಳ್ಳಿ ನನ್ನ ಮುಖ ನೋಡುತ್ತಿದ್ದಳು, ನಾನು ತೆಂಗಿನ ಮರ ನೋಡುತ್ತಿದ್ದೆ. ಅವನು ಬರಲಿಲ್ಲ. ರಾತ್ರಿ ಉಣ್ಣದೆ ಮಲಗಿದೆ.

ನಿನ್ನೆ ಕೊನೆಯ ಬಲೆ. ಬೆಳಗಾಗುತ್ತಾ ದೋಣಿ ನೂಕಲು ಹೋದರೆ ಹಿಂಬದಿಯಲ್ಲಿ ಒಬ್ಬ ಪ್ಯಾಂಟು ಮಡಚಿ ಹೆಗಲು ಕೊಟ್ಟು ನಿಂತಿದ್ದಾನೆ. ನಿನ್ನಪ್ಪ. ನಾನು ಇನ್ನೊಂದು ಬದಿಗೆ ಹೋಗಿ ಹೆಗಲು ಕೊಟ್ಟೆ. ವೆಂಕಟ "ಐಸಾ" ಅಂದ, ನೂಕಿದೆವು. ಕಡಲ ಮೇಲೆ ನನ್ನ ಬಲಗೈಯ ಹಗ್ಗವನ್ನು ಅವನೇ ತೆಗೆದುಕೊಂಡು ಎಳೆದ. ಐಸಿನ ನಡುವೆ ಇದ್ದೂ ಅವನ ಕೈ ಮರಗಟ್ಟಿರಲಿಲ್ಲ. ಮೀನು ಬಿತ್ತು. ಹೇಳಿಕೊಳ್ಳುವಷ್ಟಲ್ಲ, ಆದರೂ ಬಿತ್ತು.

ಮರಳಿನ ಮೇಲೆ ಕುಪ್ಪೆ ಹಾಕಿದರು. ನಾನು ಎಂದಿನಂತೆ ಕಡಲಿಗೆ ಮುಖ ಮಾಡಿ ನಿಂತೆ. ದಡದಲ್ಲಿ ಬೇರೆ ದೋಣಿಯವರೂ ಬಂದು ಸೇರಿದ್ದರು. ಆ ರೆಸಾರ್ಟಿನವನೂ ಇದ್ದ.

"ಇದು ಯಾರದ್ದು?"

ಆ ದನಿ ವೆಂಕಟನದ್ದಲ್ಲ.

"ಇದು ಯಾರದ್ದು?" ಇನ್ನೊಮ್ಮೆ ಕೂಗಿದ. ಹೇಳಬೇಕು, ಒಂದು ಹೆಸರು ಹೇಳಿದರೆ ಆತು, ಬಾಯಿ ಬರುವುದಿಲ್ಲ. ಎದುರಿನ ಕಡಲು ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಆಗ ಅವನೇ ಹೇಳಿದ, ಎಲ್ಲರೂ ಕೇಳುವ ಹಾಗೆ, ಆ ದಿನ ಹೇಳಿದ್ದಕ್ಕಿಂತ ಗಟ್ಟಿಯಾಗಿ: "ಇದು ದೋಣಿದು. ದೋಣಿ ಹೊಟ್ಟೆಗೇ ಹೋಗ್ತದೆ. ನಾನು ಅವತ್ತು ಆಡಿದ್ದು ಸುಳ್ಳು."

ಆಮೇಲೆ ನನಗೆ ಬಾಯಿ ಬಂತು. ಬಲೆದು ಅಂದೆ, ವೆಂಕಟಂದು ಅಂದೆ, ದಿನಕರ, ಭಾಸ್ಕರ, ನಂದು ಅಂದೆ. ಏಳನೆಯದಕ್ಕೆ ಅವನು ಕೇಳುವ ಮೊದಲೇ "ನಾಗರಾಜಂದು" ಅಂತ ಕೂಗಿದೆ. ಕುಮಟೆಗೆ ಕೇಳಿಸಿರಬೇಕು.

ರೆಸಾರ್ಟಿನವನ ಹತ್ತಿರ ಬೇರೆ ದೋಣಿ ನೋಡಿಕೋ ಮಾರಾಯ ಅಂದೆ. ಇನ್ನು ಮೇಲೆ ಐದು ಆಳು, ದೋಣಿ, ಬಲೆ. ನಿನ್ನ ಸರ್ ಬಂದು ಎಣಿಸಲಿ, ಈಗ ಏಳಕ್ಕೆ ಏಳು ಸರಿ ಇದೆ.

ಸಂಜೆ ಬೆಳ್ಳಿ ಅಭ್ಯಾಸಬಲದಿಂದ ಬುಟ್ಟಿ ತುಂಬಿ ಬಾಯಿ ಕಟ್ಟಿದಳು, ವೆಂಕಟ ಬಸ್ಸಿಗೆ ಕೊಡಲು ಎದ್ದ. ನಿನ್ನಪ್ಪ ನಕ್ಕು ಅದನ್ನು ಅವನ ಕೈಯಿಂದ ತೆಗೆದುಕೊಂಡ. ತನ್ನ ಪಾಲು ತಾನೇ ಹೊತ್ತುಕೊಂಡು ಮನೆಗೆ ಹೋದ.

ನಿನ್ನ ದೊಡ್ಡಪ್ಪ
ಜಟ್ಟ